ಮೊದಲ ದಿನವೇ ಕ್ಲಾಸು ಕೈತಪ್ಪಿತು, ಸೋಮವಾರ ಹೇಗೆ ಹೋಗಲಿ?

ಪ್ರಶ್ನೆ: ಮೇಡಂ, ನಾನು ಮಂಡ್ಯ ಕಡೆಯವಳು, ವಯಸ್ಸು 27. ಗಣಿತ-ವಿಜ್ಞಾನದ ಪದವೀಧರ ಪ್ರಾಥಮಿಕ ಶಿಕ್ಷಕಿಯಾಗಿ ಯಾದಗಿರಿ ಜಿಲ್ಲೆಯ ಒಂದು ಸಣ್ಣ ಪಟ್ಟಣದ ಸರ್ಕಾರಿ ಶಾಲೆಗೆ ಶನಿವಾರ ಹಾಜರಾದೆ. ಹೆಡ್‌ಮಾಸ್ಟರ್ ಸಭೆಗೆ ಹೋಗಿದ್ದರು. ಹಾಜರಾತಿ ಪುಸ್ತಕದಲ್ಲಿ ಸಹಿ ಆದ ಕೂಡಲೇ ನನ್ನನ್ನು ಏಳನೇ ತರಗತಿಗೆ ಕಳಿಸಿದರು. 52 ಮಕ್ಕಳು. ಅವರ ಮಾತು ನನಗೆ ಅರ್ಧ ಅರ್ಥವಾಗಲಿಲ್ಲ, ನಾನು ಬಾಯಿ ತೆರೆದರೆ ಅವರಿಗೆ ನಗು. ಒಬ್ಬ ಹುಡುಗ ಕೇಳದೆ ಎದ್ದು ಹೊರಗೆ ಹೋದ. ಕೊನೆಗೆ ನಾನು ಕಿರುಚಿದೆ. ಪಕ್ಕದ ಕ್ಲಾಸಿನ ಹಿರಿಯ ಸರ್ ಬಂದು ಮೇಜಿಗೆ ಕೋಲು ಬಡಿದರು. ಎಲ್ಲ ಸುಮ್ಮನಾದರು. ಆ ಕೋಲನ್ನ ನನ್ನ ಕೈಗೆ ಕೊಟ್ಟು, ‘ಇದಿಲ್ಲದೆ ಇಲ್ಲಿ ಆಗಂಗಿಲ್ರಿ’ ಅಂದರು. ಬೆಲ್ ಹೊಡೆದ ಮೇಲೆ ಒಬ್ಬ ಹುಡುಗಿ ಹತ್ತಿರ ಬಂದು, ‘ಅಕ್ಕೋರೇ, ನೀವ್ ಯಾವಾಗ ಹೋಗ್ತೀರಿ?’ ಅಂತ ಕೇಳಿದಳು. ಮಧ್ಯಾಹ್ನ ಬಾಡಿಗೆ ಮನೆ ಹುಡುಕಿದೆ. ಒಬ್ಬರು ಜಾತಿ ಕೇಳಿ ಇಲ್ಲ ಅಂದರು, ಇನ್ನೊಬ್ಬರು ಒಂಟಿ ಹೆಣ್ಣಿಗೆ ಕೊಡಲ್ಲ ಅಂದರು. ಲಾಡ್ಜಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ರಾಜೀನಾಮೆ ಕೊಟ್ಟುಬಿಡಲೇ? ಇಲ್ಲವಾದರೆ ಸೋಮವಾರ ಯಾವ ಮುಖ ಇಟ್ಟುಕೊಂಡು ಆ ಕ್ಲಾಸಿಗೆ ಹೋಗಲಿ?

ಉತ್ತರ:

ನಿಮ್ಮ ಪತ್ರದಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಕೋಲೂ ಅಲ್ಲ, ಗಲಾಟೆಯೂ ಅಲ್ಲ. ಕೊನೆಗೆ ಬಂದು ಪ್ರಶ್ನೆ ಕೇಳಿದಳಲ್ಲ, ಆ ಹುಡುಗಿ. ‘ಯಾವಾಗ ಹೋಗ್ತೀರಿ’ ಅನ್ನೋ ಮಾತು ನಿಮಗೆ ಚುಚ್ಚಿರಬಹುದು. ನೀವು ಬೇಡ ಅಂತ ಅವಳು ಹೇಳಿದಳು ಅಂದುಕೊಂಡಿದ್ದೀರಿ ಅನ್ನಿಸುತ್ತದೆ. ಆದರೆ ಆ ಭಾಗದ ಶಾಲೆಗಳನ್ನು ಬಹಳ ವರ್ಷ ನೋಡಿದವಳಾಗಿ, ಹೊಸ ಶಿಕ್ಷಕರಿಗೆ ತರಬೇತಿ ಕೊಟ್ಟವಳಾಗಿ ಹೇಳುತ್ತೇನೆ. ಅವಳು ಕೇಳಿದ್ದು ನಿಜವಾದ ಪ್ರಶ್ನೆ. ಅವಳಿಗೆ ಉತ್ತರ ಬೇಕಿದೆ.

ಕಲ್ಯಾಣ ಕರ್ನಾಟಕದಲ್ಲಿ ಇದಕ್ಕೊಂದು ಹಿನ್ನೆಲೆ ಇದೆ. ದಕ್ಷಿಣದ ಜಿಲ್ಲೆಗಳಿಂದ ಬಂದವರು ಸೇವೆಗೆ ಸೇರಿದ ದಿನದಿಂದಲೇ ವರ್ಗಾವಣೆಗೆ ಕಾಯುವುದು ಅಲ್ಲಿ ದಶಕಗಳಿಂದ ನಡೆದುಬಂದಿದೆ. 2013ರಲ್ಲಿ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ಜಾರಿಗೆ ಬಂದ ಮೇಲೆ, ಶಿಕ್ಷಕರೂ ಸೇರುವ ‘ಸಿ’ ಗುಂಪಿನ ಹುದ್ದೆಗಳಲ್ಲಿ ನೂರಕ್ಕೆ 80 ಸ್ಥಳೀಯರಿಗೆ ಮೀಸಲಾಯಿತು, ಸ್ಥಿತಿ ಸುಧಾರಿಸಿತು. ಆದರೂ ಖಾಲಿ ಹುದ್ದೆಗಳು ಉಳಿದೇ ಇವೆ. ಅವುಗಳಿಗೆ ಅತಿಥಿ ಶಿಕ್ಷಕರು ಬರುತ್ತಾರೆ, ಆ ಶೈಕ್ಷಣಿಕ ವರ್ಷ ಮುಗಿದರೆ ಅವರ ಕೆಲಸವೂ ಮುಗಿಯಿತು. ಅದರಲ್ಲೂ ಗಣಿತಕ್ಕೆ ಕಾಯಂ ಶಿಕ್ಷಕರು ಸಿಗುವುದು ಕಷ್ಟ. ಹಾಗಾಗಿ ಏಳನೇ ತರಗತಿ ಮುಟ್ಟುವ ಹೊತ್ತಿಗೆ ಆ ಮಕ್ಕಳು ಬಂದವರನ್ನೂ ಹೋದವರನ್ನೂ ಸಾಕಷ್ಟು ನೋಡಿರುತ್ತಾರೆ. ಹೆಸರು ಹೇಳಿಕೊಂಡು ಸಲಿಗೆ ಆಗುವಷ್ಟರಲ್ಲಿ ಮೇಷ್ಟ್ರು ಬದಲು. ಇನ್ನೊಬ್ಬರು ಬಂದಾಗ ಇವರಾದರೂ ಇರುತ್ತಾರಾ ಅಂತ ಪರೀಕ್ಷೆ ಮಾಡಿ ನೋಡುತ್ತಾರೆ. ನಗುತ್ತಾರೆ, ಗಲಾಟೆ ಮಾಡುತ್ತಾರೆ, ಎದ್ದು ಹೋಗುತ್ತಾರೆ. ಶನಿವಾರ ನಿಮ್ಮ ಮುಂದೆ ನಡೆದದ್ದು ಬಹುಮಟ್ಟಿಗೆ ಇದೇ.

ಆ ಹುಡುಗಿಗೆ ಏನು ಹೇಳಬೇಕು? ‘ನಾನು ಎಲ್ಲೂ ಹೋಗಲ್ಲ’ ಅಂತ ಮಾತ್ರ ಹೇಳಬೇಡಿ. ಅದು ನಿಮಗೇ ಗೊತ್ತಿಲ್ಲ. ಅಂಥ ಮಾತನ್ನು ಅವಳು ಹಿಂದೆಯೂ ಕೇಳಿರಬಹುದು. ಸೋಮವಾರ ಅವಳನ್ನು ಕರೆದು ನೇರವಾಗಿ ಹೇಳಿ: ‘ನೀನು ಕೇಳಿದ್ದೆಯಲ್ಲ, ಈ ವರ್ಷ ಪರೀಕ್ಷೆ ಮುಗಿಯೋವರೆಗೆ ನಾನೇ ನಿಮಗೆ ಲೆಕ್ಕ ಹೇಳಿಕೊಡ್ತೀನಿ.’ ಇಷ್ಟೇ ಸಾಕು. ಅವಳೇ ಅದನ್ನು ಕ್ಲಾಸಿಗೆಲ್ಲ ಮುಟ್ಟಿಸುತ್ತಾಳೆ. ಆದರೆ ಇದನ್ನು ಹೇಳಬೇಕಾದರೆ ನೀವು ಮೊದಲು ಮನಸ್ಸಿನಲ್ಲೇ ಈ ಒಂದು ವರ್ಷಕ್ಕೆ ಒಪ್ಪಿಕೊಂಡಿರಬೇಕು. ಭಾನುವಾರ ನೀವು ಯೋಚಿಸಬೇಕಾದ ವಿಷಯ ಅದೊಂದೇ. ಪೂರ್ತಿ ಮೂವತ್ತು ವರ್ಷದ ಸರ್ವಿಸ್ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ.

ಇನ್ನೊಂದು ವಿಷಯ. ನಿಮ್ಮನ್ನು ಯಾರೂ ಮಕ್ಕಳಿಗೆ ಪರಿಚಯವೇ ಮಾಡಿಸಲಿಲ್ಲ. ಒಬ್ಬ ಅಪರಿಚಿತ ಹೆಣ್ಣುಮಗಳು ಇದ್ದಕ್ಕಿದ್ದಂತೆ ಬಾಗಿಲಲ್ಲಿ ನಿಂತರೆ 52 ಮಕ್ಕಳು ಏನು ಮಾಡಬೇಕು? ಇದು ಶಾಲೆಯ ಕಡೆಯಿಂದ ಆದ ಲೋಪ, ನಿಮ್ಮದಲ್ಲ. ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟನೇ ತರಗತಿಗೆ 35 ಮಕ್ಕಳಿಗೆ ಒಬ್ಬ ಶಿಕ್ಷಕರಾದರೂ ಇರಬೇಕು ಅನ್ನುತ್ತದೆ. ನಿಮಗೆ ಸಿಕ್ಕ ಕೋಣೆಯಲ್ಲಿ ಅದರ ಒಂದೂವರೆ ಪಟ್ಟು ಮಕ್ಕಳಿದ್ದರು. ಅನುಭವ ಇದ್ದವರೂ ಮೊದಲ ದಿನ ಅಲ್ಲಿ ತಡವರಿಸುತ್ತಿದ್ದರು.

ಸೋಮವಾರ ಬೇಗ ಹೋಗಿ. ಹೆಡ್‌ಮಾಸ್ಟರ್ ಬಂದ ಕೂಡಲೇ, ‘ಸರ್, ಪ್ರಾರ್ಥನೆಯಲ್ಲಿ ನನ್ನನ್ನು ಮಕ್ಕಳಿಗೆ ಪರಿಚಯ ಮಾಡಿಸಿ’ ಅಂತ ಕೇಳಿ. ಯಾರೂ ಇಲ್ಲ ಅನ್ನುವುದಿಲ್ಲ. ಇಡೀ ಶಾಲೆಯ ಮುಂದೆ ನಿಮ್ಮ ಹೆಸರು, ಊರು, ಯಾವ ವಿಷಯ ಅಂತ ಹೇಳಿಬಿಟ್ಟರೆ ಅರ್ಧ ಕುತೂಹಲ ಅಲ್ಲೇ ಮುಗಿಯುತ್ತದೆ. ಆಮೇಲೆ ಮಕ್ಕಳು ಒಳಗೆ ಬರುವ ಮೊದಲೇ ನೀವು ಕ್ಲಾಸಿನಲ್ಲಿರಿ. ಬೋರ್ಡಿನ ಮೇಲೆ ಒಂದು ಲೆಕ್ಕ ಇರಲಿ. ಅದು ಕ್ಲಾಸಿನ ತೀರಾ ಹಿಂದುಳಿದ ಮಗುವೂ ಶುರುಮಾಡಬಹುದಾದ ಲೆಕ್ಕ ಆಗಿರಬೇಕು. ಮೊದಲ ಹತ್ತು ನಿಮಿಷ ಅವರ ಕೈಗೆ ಕೆಲಸ ಇದ್ದರೆ ನಿಮಗೆ ಕೋಣೆ ತುಂಬಾ ಓಡಾಡಿ ಮುಖಗಳನ್ನು ನೋಡಲು ಬಿಡುವು ಸಿಗುತ್ತದೆ. ಬೋರ್ಡಿನ ಹತ್ತಿರವೇ ನಿಲ್ಲಬೇಡಿ. ಹಿಂದಿನ ಬೆಂಚಿನ ಪಕ್ಕ ಜಾಸ್ತಿ ಹೊತ್ತು ನಿಲ್ಲಿ. ದನಿ ಎತ್ತುವ ಬದಲು ಇಳಿಸಿ. ಗಲಾಟೆಯ ಮೇಲೆ ಗಲಾಟೆ ಮಾಡಿ ಗೆಲ್ಲಲು ಒಬ್ಬರಿಂದ ಆಗುವುದಿಲ್ಲ.

ಮೊದಲ ವಾರ ಪಾಠ ಎಷ್ಟು ಮುಗಿಯಿತು ಅಂತ ಲೆಕ್ಕ ಹಾಕಬೇಡಿ. 52 ಹೆಸರು ಬಾಯಿಗೆ ಬಂದರೆ ಆ ವಾರ ಸಾರ್ಥಕ. ಹಾಜರಾತಿ ಕೂಗುವಾಗ ಸುಮ್ನೆ ಪುಸ್ತಕ ನೋಡಿಕೊಂಡು ಓದಬೇಡಿ, ಪ್ರತಿ ಹೆಸರಿಗೂ ತಲೆ ಎತ್ತಿ ಮುಖ ನೋಡಿ. ಅಲ್ಲಿನ ಹೆಸರುಗಳು ನಿಮಗೆ ಹೊಸವು: ಮಲ್ಲಮ್ಮ, ಭೀಮರಾಯ, ದೇವಿಂದ್ರಪ್ಪ, ಹಣಮಂತ, ಮೌನೇಶ, ಶರಣಮ್ಮ. ಅವರು ಹೇಳುವ ಹಾಗೇ ಹೇಳಿ, ತಿದ್ದಲು ಹೋಗಬೇಡಿ.

ಈಗ ಕೋಲಿನ ವಿಷಯ. ಇದರ ಬಗ್ಗೆ ನನಗೆ ಎರಡನೇ ಮಾತಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರ ಸೆಕ್ಷನ್ 17 ಮಕ್ಕಳಿಗೆ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸುತ್ತದೆ. ಮೀರಿದರೆ ಇಲಾಖೆ ಶಿಸ್ತು ಕ್ರಮ ತೆಗೆದುಕೊಳ್ಳಬಹುದು. ಪ್ರೊಬೇಷನ್‌ನಲ್ಲಿರುವ ನಿಮಗೆ ಅದು ಸಣ್ಣ ವಿಷಯವಲ್ಲ. ಆದರೆ ನಾನು ಕಾಯ್ದೆಯ ಹೆದರಿಕೆಗಾಗಿ ಹೇಳುತ್ತಿಲ್ಲ. ಕೋಲಿಗೆ ಸುಮ್ಮನಾದ ಮಗು ಅವತ್ತಿನಿಂದ ತನಗೆ ಬರದ ಲೆಕ್ಕವನ್ನು ‘ಬರಲ್ರೀ’ ಅಂತ ನಿಮ್ಮ ಹತ್ತಿರ ಹೇಳುವುದಿಲ್ಲ. ಗಣಿತದ ಟೀಚರಿಗೆ ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ. ಮತ್ತೆ ಆ ಮಕ್ಕಳಲ್ಲಿ ಎಷ್ಟೋ ಜನ ಮನೆಯಲ್ಲೂ ಹೊಲದಲ್ಲೂ ಏಟು ತಿಂದೇ ಬಂದಿರುತ್ತಾರೆ.

ಹಾಗಂತ ಕೋಲು ಕೊಟ್ಟ ಸರ್ ಜೊತೆ ಜಗಳ ಬೇಡ. ನಿಮಗೆ ಸಹಾಯ ಮಾಡಲೆಂದೇ ಅವರು ಬಂದದ್ದು. ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇಲ್ಲದಾಗ ಕೋಲನ್ನು ವಾಪಸ್ ಕೊಟ್ಟು, ‘ಸರ್, ಇದು ನನ್ನ ಕೈಯಲ್ಲಿ ಆಗಲ್ಲ. ಆದರೆ ಈ ಮಕ್ಕಳ ಮನೆ ಪರಿಸ್ಥಿತಿ ನಿಮಗೆ ಚೆನ್ನಾಗಿ ಗೊತ್ತು, ಅದನ್ನ ನನಗೆ ಹೇಳಿಕೊಡಿ’ ಅನ್ನಿ. ಅವರು ಖಂಡಿತ ಹೇಳುತ್ತಾರೆ. ಯಾರ ಅಪ್ಪ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದಾರೆ, ಯಾರ ಮನೆಯಲ್ಲಿ ಅಜ್ಜಿ ಒಬ್ಬಳೇ ಇದ್ದಾಳೆ, ಯಾವ ಹುಡುಗಿಗೆ ಮದುವೆ ಮಾತುಕತೆ ನಡೆದಿದೆ ಅನ್ನುವುದು ಯಾವ ದಾಖಲೆಯಲ್ಲೂ ಇರುವುದಿಲ್ಲ. ಅಂಥ ಹಿರಿಯರ ಬಾಯಲ್ಲೇ ಕೇಳಬೇಕು. ಏಳನೇ ತರಗತಿಯ ಹುಡುಗಿಯ ಮದುವೆ ಸುದ್ದಿ ಕಿವಿಗೆ ಬಿದ್ದರೆ ಮಾತ್ರ ಸುಮ್ಮನಿರಬೇಡಿ. ಹೆಡ್‌ಮಾಸ್ಟರಿಗೆ ತಿಳಿಸಿ, 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ.

ಎದ್ದು ಹೋದ ಹುಡುಗನನ್ನು ಸೋಮವಾರ ಎಲ್ಲರ ಮುಂದೆ ನಿಲ್ಲಿಸಿ ಕೇಳಬೇಡಿ. ಮೊದಲು ಅವನು ಎಲ್ಲಿಗೆ ಹೋದ ಅಂತ ತಿಳಿದುಕೊಳ್ಳಿ. ತಮ್ಮನನ್ನು ಅಂಗನವಾಡಿಯಿಂದ ಕರೆದುಕೊಂಡು ಹೋಗಲು ಇರಬಹುದು, ಚಹಾದ ಅಂಗಡಿಯ ಕೆಲಸಕ್ಕೆ ಇರಬಹುದು, ನಿಮ್ಮನ್ನು ಕೆಣಕಲೂ ಇರಬಹುದು. ಮೂರಕ್ಕೂ ಬೇರೆ ಬೇರೆ ಉತ್ತರ ಬೇಕು. ವಯಸ್ಸಿನಲ್ಲಿ ಉಳಿದವರಿಗಿಂತ ದೊಡ್ಡವನಂತೆ ಕಂಡರೆ, ಗುಳೆ ಹೋಗಿ ಬಂದು ಮಧ್ಯೆ ಓದು ಬಿಟ್ಟವನಾಗಿರುವ ಸಾಧ್ಯತೆ ಜಾಸ್ತಿ. ಅಂಥ ಹುಡುಗರಿಗೆ ಕ್ಲಾಸಿನಲ್ಲಿ ಏನೂ ಅರ್ಥವಾಗದೆ ಕೂರುವುದೇ ಅವಮಾನ. ಒಂದು ಜವಾಬ್ದಾರಿ ಕೊಟ್ಟು ನೋಡಿ. ನೋಟ್‌ಬುಕ್ ಹಂಚುವುದು, ಅಳತೆ ಟೇಪು ಹಿಡಿಯುವುದು, ಹೀಗೆ ಏನಾದರೂ.

ಇದೇ ಕಾರಣಕ್ಕೆ ಮೊದಲ ಎರಡು ವಾರದಲ್ಲಿ ನೀವು ಮಾಡಲೇಬೇಕಾದ ಕೆಲಸ ಒಂದಿದೆ. ಯಾರಿಗೆ ಓದಲು ಬರುತ್ತದೆ, ಯಾರಿಗೆ ಇಲ್ಲ ಅಂತ ಒಬ್ಬೊಬ್ಬರನ್ನೇ ನೋಡುವುದು. ಏಳನೇ ತರಗತಿಯಲ್ಲೂ ಎರಡನೇ ತರಗತಿಯ ಕಥೆ ಓದಲಾಗದ ಮಕ್ಕಳು ಇರುತ್ತಾರೆ. ಗಲಾಟೆ ಮಾಡುವವರಲ್ಲಿ ಅವರೇ ಹೆಚ್ಚು, ಯಾಕೆಂದರೆ ಗಲಾಟೆಯ ನಡುವೆ ತಮಗೆ ಓದು ಬರಲ್ಲ ಅನ್ನುವುದು ಯಾರಿಗೂ ಕಾಣುವುದಿಲ್ಲ. ಮಕ್ಕಳ ಓದು, ಲೆಕ್ಕದ ಮಟ್ಟ ಅಳೆಯುವ ‘ಅಸರ್’ ಸಮೀಕ್ಷೆಯವರು ಬಳಸುವ ಕ್ರಮ ಸುಲಭವಾಗಿದೆ, ಅದನ್ನೇ ಅನುಸರಿಸಿ. ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಸಣ್ಣ ಕಥೆ. ಲೆಕ್ಕದಲ್ಲಿ ಅಂಕಿ ಗುರುತಿಸುವುದು, ದಶಕ ತೆಗೆದು ಕಳೆಯುವುದು, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. ದಿನಕ್ಕೆ ನಾಲ್ಕೈದು ಮಕ್ಕಳನ್ನು ಪಕ್ಕಕ್ಕೆ ಕರೆದು, ಉಳಿದವರಿಗೆ ಕೆಲಸ ಕೊಟ್ಟು, ಮೆಲುದನಿಯಲ್ಲಿ ಕೇಳಿ. ಎಲ್ಲರ ಮುಂದೆ ಎದ್ದು ಓದಿಸಬೇಡಿ. ಇದು ಗಣಿತದ ಟೀಚರ್ ಕೆಲಸವಾ ಅಂತ ಕೇಳಬಹುದು. ಹೌದು. ಲೆಕ್ಕದ ವಾಕ್ಯವನ್ನೇ ಓದಲಾರದ ಮಗುವಿಗೆ ಬೀಜಗಣಿತ ಹೇಗೆ ಹೇಳಿಕೊಡುತ್ತೀರಿ?

ಮಕ್ಕಳು ನಿಮ್ಮ ಮಾತಿಗೆ ನಕ್ಕಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಿಮ್ಮ ‘ಕಣ್ರೋ’ ಅವರಿಗೆ ಟಿ.ವಿ. ಧಾರಾವಾಹಿಯ ಮಾತು. ಅವರ ಮಾತನ್ನು ಅನುಕರಿಸಲೂ ಹೋಗಬೇಡಿ, ಅಣಕಿಸಿದ ಹಾಗಾಗುತ್ತದೆ. ನಿಧಾನವಾಗಿ ಮಾತಾಡಿ, ಅರ್ಥವಾಗದಿದ್ದರೆ ‘ಇನ್ನೊಂದ್ಸಲ ಹೇಳು’ ಅನ್ನಿ. ತಿಂಗಳೊಪ್ಪತ್ತಿನಲ್ಲಿ ನಿಮ್ಮ ಬಾಯಲ್ಲೇ ತಾನಾಗಿ ‘ರೀ’ ಬರಲು ಶುರುವಾಗುತ್ತದೆ. ನಿಜವಾಗಿ ಗಮನ ಕೊಡಬೇಕಾದದ್ದು ಬೇರೆ. ಆ 52 ಮಕ್ಕಳಲ್ಲಿ ತಾಂಡಾದಿಂದ ಬರುವವರ ಮನೆಮಾತು ಲಂಬಾಣಿ. ಕೆಲವರದು ಉರ್ದು. ತೆಲಂಗಾಣದ ಗಡಿಯ ಕಡೆ ಇದ್ದರೆ ತೆಲುಗು. ಇವರಿಗೆಲ್ಲ ಪಠ್ಯಪುಸ್ತಕದ ಕನ್ನಡ ಮನೆಯ ಭಾಷೆಯೇ ಅಲ್ಲ. ಉಳಿದವರಿಗೂ ಅದು ಮನೆಯಲ್ಲಿ ಆಡುವ ಕನ್ನಡಕ್ಕಿಂತ ದೂರ. ‘ನಿನ್ನಿ ಸಾಲಿಗೆ ಬಂದಿದ್ದಿಲ್ರಿ’ ಅಂದ ಮಗುವಿನ ಮಾತನ್ನು ತಿದ್ದಬೇಡಿ, ಯಾಕೆ ಬರಲಿಲ್ಲ ಅಂತ ಕೇಳಿ. ಬರವಣಿಗೆ ತಿದ್ದಲು ಇಡೀ ವರ್ಷ ಇದೆ.

ನಿಮ್ಮ ಕೈಯಲ್ಲಿರುವ ದೊಡ್ಡ ಅನುಕೂಲ ನಿಮ್ಮ ವಿಷಯವೇ. ಆ ಮಕ್ಕಳಿಗೆ ಲೆಕ್ಕ ಗೊತ್ತಿದೆ, ಪುಸ್ತಕದ್ದು ಮಾತ್ರ ಗೊತ್ತಿಲ್ಲ. ಯಾದಗಿರಿ ಕಡೆ ಹತ್ತಿ ಬಿಡಿಸುವ ಕೂಲಿ ಕಿಲೋ ಲೆಕ್ಕದಲ್ಲಿ ಕೊಡುತ್ತಾರೆ. ಅವ್ವನ ಜೊತೆ ಹೊಲಕ್ಕೆ ಹೋದ ಹುಡುಗಿ ಇವತ್ತು ಇಷ್ಟು ಕಿಲೋ ಬಿಡಿಸಿದರೆ ಇಷ್ಟು ರೂಪಾಯಿ ಅಂತ ಬಾಯಲ್ಲೇ ಗುಣಿಸಿ ಹೇಳುತ್ತಾಳೆ. ತೂಕದಲ್ಲಿ ಮೋಸ ಆದರೆ ಹಿಡಿಯುತ್ತಾಳೆ. ಅದೇ ಹುಡುಗಿ ಬೋರ್ಡಿನ ಮೇಲಿನ ಗುಣಾಕಾರಕ್ಕೆ ಬೆವರುತ್ತಾಳೆ. ಒಂದು ದಿನ ಅವರನ್ನೇ ಕೇಳಿ: ಕಿಲೋಗೆ ಎಷ್ಟು ಕೊಡ್ತಾರೆ? ಕ್ವಿಂಟಲ್ ಆಗೋಕೆ ನಿಮ್ಮಂಥ ಎಷ್ಟು ಜನ ಬೇಕು? ಅವರು ಹೇಳಿದ ಅಂಕಿಗಳನ್ನೇ ಬೋರ್ಡಿಗೆ ಹಾಕಿ. ಅನುಪಾತ, ಶೇಕಡಾವಾರು, ಸರಾಸರಿ ಎಲ್ಲವೂ ಅದರೊಳಗಿದೆ. ಶಹಾಪುರ, ಸುರಪುರದ ಕಡೆಯಾದರೆ ನಾರಾಯಣಪುರ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ ಇವೆ. ಅಲ್ಲಿ ವಿಸ್ತೀರ್ಣ ಹೇಳಿಕೊಡಲು ಎಕರೆ, ಗುಂಟೆ ಸಾಕು. ಒಂದು ಎಕರೆಗೆ 40 ಗುಂಟೆ ಅನ್ನುವುದನ್ನು ನೀವು ಅವರಿಗೆ ಕಲಿಸಬೇಕಾಗಿಲ್ಲ.

ಹತ್ತಿ ಸುಗ್ಗಿಯಲ್ಲಿ, ಅಂದರೆ ಸುಮಾರು ನವೆಂಬರ್‌ನಿಂದ ಜನವರಿವರೆಗೆ, ಹಾಜರಾತಿ ಕುಸಿಯುತ್ತದೆ. ಆಮೇಲೆ ಕೆಲವು ಕುಟುಂಬಗಳು ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುತ್ತವೆ. ಅದನ್ನು ನಿಮ್ಮ ಪಾಠದ ಸೋಲು ಅಂದುಕೊಳ್ಳಬೇಡಿ. ಕಷ್ಟದ ಅಧ್ಯಾಯಗಳನ್ನು ಅದಕ್ಕೂ ಮೊದಲೇ ಮುಗಿಸಿಕೊಳ್ಳಿ. ಯಾರು ಬರುತ್ತಿಲ್ಲ ಅಂತ ಸಿ.ಆರ್.ಪಿ.ಗೂ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ) ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರಿಗೂ ಹೆಸರು ಸಮೇತ ಹೇಳಿ.

ಊಟದ ಹೊತ್ತನ್ನು ಸ್ಟಾಫ್ ರೂಮಿನಲ್ಲಿ ಕಳೆಯಬೇಡಿ. ಬಿಸಿಯೂಟ ನಮ್ಮ ರಾಜ್ಯದಲ್ಲಿ 2002ರ ಜೂನ್‌ನಲ್ಲಿ ಮೊದಲು ಶುರುವಾಗಿದ್ದು ಉತ್ತರದ ಈ ಜಿಲ್ಲೆಗಳಲ್ಲೇ. ಯಾದಗಿರಿ ಆಗ ಗುಲ್ಬರ್ಗ ಜಿಲ್ಲೆಯಲ್ಲಿತ್ತು. ಮೊಟ್ಟೆ ಕೊಡುವುದನ್ನೂ 2021ರ ಡಿಸೆಂಬರ್‌ನಲ್ಲಿ ಈ ಭಾಗದಿಂದಲೇ ಆರಂಭಿಸಿದರು. ಆ ಮಕ್ಕಳಿಗೆ ಆ ತಟ್ಟೆ ಎಷ್ಟು ಮುಖ್ಯ ಅನ್ನುವುದು ಒಂದು ದಿನ ಸಾಲಿನ ಪಕ್ಕ ನಿಂತರೆ ತಿಳಿಯುತ್ತದೆ. ಅಡುಗೆಯ ಅಕ್ಕಂದಿರನ್ನು ಹೆಸರು ಕೇಳಿ ಮಾತಾಡಿಸಿ, ಅವರು ಮಾಡಿದ್ದನ್ನೇ ಮಕ್ಕಳ ಜೊತೆ ಕೂತು ಉಣ್ಣಿ. ಯಾರ ಪಕ್ಕ ಯಾರು ಕೂರುವುದಿಲ್ಲ ಅನ್ನುವುದನ್ನೂ ಗಮನಿಸಿ. ಜಾತಿ ಕೇಳಿ ನಿಮಗೆ ಮನೆ ಇಲ್ಲ ಅಂದ ಅದೇ ಊರು ಆ ಸಾಲಿನಲ್ಲೂ ಇರಬಹುದು. ಅಲ್ಲಿ ನೀವು ಎಲ್ಲಿ ಕೂರುತ್ತೀರಿ ಅನ್ನುವುದನ್ನು ಮಕ್ಕಳು ನೋಡುತ್ತಾರೆ.

ಮನೆಯ ವಿಷಯಕ್ಕೆ ನನಗೂ ಸಿಟ್ಟು ಬಂತು. ಜಾತಿ ಕೇಳಿ ಬಾಗಿಲು ಹಾಕುವುದು ಯಾದಗಿರಿಯಲ್ಲೂ ಇದೆ, ಮೈಸೂರಲ್ಲೂ ಇದೆ, ಬೆಂಗಳೂರಲ್ಲೂ ಇದೆ. ಅದಕ್ಕೆ ನೀವು ತಲೆ ತಗ್ಗಿಸಬೇಕಾಗಿಲ್ಲ. ಒಬ್ಬರೇ ಹೋಗಿ ಬಾಗಿಲು ತಟ್ಟುವುದನ್ನು ನಿಲ್ಲಿಸಿ. ಊರಿನಲ್ಲಿ ಆಸ್ಪತ್ರೆಯ ನರ್ಸ್‌ಗಳು, ಬ್ಯಾಂಕಿನ ಹುಡುಗಿಯರು, ಹೈಸ್ಕೂಲ್ ಟೀಚರ್‌ಗಳು ಇದ್ದೇ ಇರುತ್ತಾರೆ. ಅವರಲ್ಲೂ ಹೊರಗಿನಿಂದ ಬಂದವರು ಇರುತ್ತಾರೆ, ಜೊತೆಗೆ ಒಬ್ಬರು ಸಿಕ್ಕರೆ ಸಾಕು ಅಂತ ಕಾಯುತ್ತಿರುತ್ತಾರೆ. ನಿಮ್ಮ ಶಾಲೆಯ ಮಹಿಳಾ ಸಹೋದ್ಯೋಗಿ ಒಬ್ಬರನ್ನು ಕರೆದುಕೊಂಡು ಹೋಗಿ ಕೇಳಿ, ‘ನಮ್ಮ ಸಾಲಿ ಟೀಚರ್’ ಅಂತ ಊರಿನವರೇ ಹೇಳಿದರೆ ಮಾತು ಬೇರೆಯಾಗುತ್ತದೆ. ಎಲ್ಲೂ ಆಗದಿದ್ದರೆ ತಾಲ್ಲೂಕು ಕೇಂದ್ರದಲ್ಲಿ ಅಥವಾ ಯಾದಗಿರಿಯಲ್ಲಿ ರೂಮು ಮಾಡಿ ಕೆಲವು ತಿಂಗಳು ಅಪ್-ಡೌನ್ ಮಾಡಿ. ಸರ್ಕಾರಿ ಬಸ್ಸಿನಲ್ಲಿ ಈಗ ಟಿಕೆಟ್ ಖರ್ಚೂ ಇಲ್ಲ. ಊರಲ್ಲೇ ಇದ್ದರೆ ಸಂಜೆ ಮಕ್ಕಳ ಮನೆಗಳಿಗೆ ಹೋಗಬಹುದು, ಅದು ಒಳ್ಳೆಯದು. ಆದರೆ ರಾತ್ರಿ ನೆಮ್ಮದಿಯಾಗಿ ನಿದ್ದೆ ಬರುವ ಜಾಗವೇ ಮೊದಲು, ಉಳಿದದ್ದು ಆಮೇಲೆ.

ದುಡ್ಡಿನ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಸಂಬಳದ ಬಿಲ್ ಮಾಡುವ ಎಚ್‌ಆರ್‌ಎಂಎಸ್‌ನಲ್ಲಿ ಹೆಸರು ಸೇರಬೇಕು, ಪಿಂಚಣಿ ಖಾತೆಯ ಪ್ರಾನ್ ಸಂಖ್ಯೆ ಆಗಬೇಕು, ಕೆಜಿಐಡಿ (ಸರ್ಕಾರಿ ನೌಕರರ ವಿಮೆ) ಆಗಬೇಕು. ಮೊದಲ ಸಂಬಳ ಒಂದೆರಡು ತಿಂಗಳು ತಡವಾಗುವುದು ಸಾಮಾನ್ಯ. ಬಾಕಿ ಒಟ್ಟಿಗೆ ಬರುತ್ತದೆ. ಅಲ್ಲಿಯವರೆಗೆ ಮನೆಯಿಂದ ಸಹಾಯ ಕೇಳಲು ಸಂಕೋಚ ಬೇಡ. ಹಾಜರಾದ ವರದಿಯ ಒಂದು ಪ್ರತಿಯನ್ನು ಸ್ವೀಕೃತಿ ಸಹಿಯೊಂದಿಗೆ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ರಾಜೀನಾಮೆ ಕೊಡಲೇ ಅಂತ ಕೇಳಿದ್ದೀರಿ. ಈಗ ಬೇಡ. ಬಿಟ್ಟು ಹೋಗುವುದು ತಪ್ಪು ಅಂತ ನಾನು ಹೇಳುವುದಿಲ್ಲ, ಈ ಕೆಲಸ ಎಲ್ಲರಿಗೂ ಒಗ್ಗಲೇಬೇಕೆಂದಿಲ್ಲ. ಆದರೆ ಪರಿಚಯವನ್ನೇ ಮಾಡಿಸದ ಒಂದು ಬೆಳಿಗ್ಗೆಯನ್ನು ನೋಡಿ ತೀರ್ಮಾನ ಮಾಡಲು ಆಗದು. ದಸರಾ ರಜೆಗೆ ಊರಿಗೆ ಹೋದಾಗ ಈ ಪ್ರಶ್ನೆಯನ್ನು ಮತ್ತೆ ಕೇಳಿಕೊಳ್ಳಿ. ಅಷ್ಟರಲ್ಲಿ ಒಂದು ಸುರಕ್ಷಿತ ಮನೆ ಸಿಕ್ಕಿತಾ, ಶಾಲೆಯಲ್ಲಿ ಮನಸ್ಸು ಬಿಚ್ಚಿ ಮಾತಾಡಲು ಒಬ್ಬರಾದರೂ ಇದ್ದಾರಾ, ಓದಲು ಬರದಿದ್ದ ಮಕ್ಕಳಲ್ಲಿ ಯಾರಾದರೂ ನಾಲ್ಕು ಸಾಲು ಓದುವಂತಾದರಾ ಅಂತ ನೋಡಿ. ಮೂರಕ್ಕೂ ಇಲ್ಲ ಅನ್ನುವ ಉತ್ತರ ಬಂದರೆ ಮತ್ತೆ ಬರೆಯಿರಿ. ಆಗ ಬಿಡುವ ಬಗ್ಗೆಯೇ ಕೂತು ಮಾತಾಡೋಣ.